ಮಾಟುಂಗದ ಉಡುಪಿ ಊಟ: ಕಿಡ್ನಿ ಕಲ್ಲಿನವರು ಏನು ಬಡಿಸಿಕೊಳ್ಳಬೇಕು, ಏನು ಬಿಡಬೇಕು

ಕಿಡ್ನಿಯಲ್ಲಿ ಕಲ್ಲಿದೆ ಎಂದು ಗೊತ್ತಾದ ಕೂಡಲೇ ನಮ್ಮವರ ಮನೆಗಳಲ್ಲಿ ಮೊದಲು ನಿಲ್ಲುವುದು ಮೊಸರು. ಆಮೇಲೆ ಹಾಲು, ಟೊಮೆಟೊ, ಬದನೆಕಾಯಿ. ಕಲ್ಲು ಅಂದರೆ ಕ್ಯಾಲ್ಸಿಯಂ, ಮೊಸರು ಅಂದರೂ ಕ್ಯಾಲ್ಸಿಯಂ, ಹಾಗಾಗಿ ಮೊಸರು ಬೇಡ ಎಂಬ ಲೆಕ್ಕಾಚಾರ. ಹಪ್ಪಳ, ಉಪ್ಪಿನಕಾಯಿ, ಮೂರನೇ ಸಲ ಹಾಕಿಸಿಕೊಳ್ಳುವ ಸಾಂಬಾರು ಮಾತ್ರ ಎಂದಿನಂತೆ ನಡೆಯುತ್ತವೆ. ಈ ಪಥ್ಯ ಪೂರ್ತಿ ತಲೆಕೆಳಗು. ಬಿಡಬೇಕಾದದ್ದನ್ನು ತಿಂದು, ತಿನ್ನಬೇಕಾದದ್ದನ್ನು ಬಿಟ್ಟವರಿಗೆ ಕಲ್ಲು ಮರಳಿ ಬಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಮುಂಬಯಿಯ ಮಾಟುಂಗ ಮತ್ತು ಕಿಂಗ್ಸ್ ಸರ್ಕಲ್ ಸುತ್ತಿನ ಉಡುಪಿ ಹೋಟೆಲುಗಳ ಊಟ ತಿಂಡಿಯನ್ನು ಈ ಒಂದೇ ದೃಷ್ಟಿಯಿಂದ ಅಳೆಯುವುದು ಈ ವಿಮರ್ಶೆಯ ಕೆಲಸ. ಸ್ಟೇಷನ್ ಪಕ್ಕದ ಮಾರ್ಕೆಟ್ ಕಟ್ಟಡದ ಮಹಡಿಯಲ್ಲಿ 1942ರಿಂದ ಬಡಿಸುತ್ತಿರುವ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1940ರ ಕೆಫೆ ಮದ್ರಾಸ್, ಕೆಫೆ ಮೈಸೂರ್ ಇವುಗಳ ರುಚಿಗೆ ಹೊಸದಾಗಿ ಯಾರ ಸರ್ಟಿಫಿಕೇಟೂ ಬೇಕಿಲ್ಲ. ಒಂದೊಂದು ಅಡುಗೆಮನೆಯ ಕೈಗುಣ ಬೇರೆ ಇರಬಹುದು, ಬಡಿಸುವ ಪದಾರ್ಥಗಳ ಪಟ್ಟಿ ಮಾತ್ರ ಹೆಚ್ಚುಕಮ್ಮಿ ಒಂದೇ. ಆದ್ದರಿಂದ ಇಲ್ಲಿ ಅಂಕ ಕೊಡುವುದು ಯಾವುದೋ ಒಂದು ಹೋಟೆಲಿಗಲ್ಲ, ಆ ಪಟ್ಟಿಗೆ. ಡೊಂಬಿವ್ಲಿ, ಭಾಂಡುಪ್, ಮೀರಾ ರೋಡಿನ ಶೆಟ್ಟರ ಹೋಟೆಲಿನಲ್ಲಿ ಕುಳಿತವರಿಗೂ ಇದೇ ಲೆಕ್ಕ ನಡೆಯುತ್ತದೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಕಲ್ಲಿನ ಪ್ರವೃತ್ತಿ ಇರುವವರಿಗೆ ಮುಂಬಯಿಯಲ್ಲಿ ಹೊರಗೆ ಸಿಗುವ ಊಟಗಳಲ್ಲಿ ಇದಕ್ಕಿಂತ ಒಳ್ಳೆಯದು ಕಡಿಮೆ. ಮಾಂಸವಿಲ್ಲ, ನೀರಿನ ಅಂಶದ ತರಕಾರಿ ಧಾರಾಳ, ಊಟದ ಜೊತೆಗೇ ಮೊಸರು ಮಜ್ಜಿಗೆ. ಐದರಲ್ಲಿ ಮೂರೂವರೆ ಅಂಕ. ಕಳೆದ ಒಂದೂವರೆ ಅಂಕದಲ್ಲಿ ಬಹುಪಾಲು ಹೋದದ್ದು ಉಪ್ಪಿಗೆ, ಉಳಿದದ್ದು ಒಂದೆರಡು ಸೊಪ್ಪಿಗೆ. ಆ ಎರಡನ್ನೂ ತಿನ್ನುವವರೇ ಸರಿಪಡಿಸಿಕೊಳ್ಳಬಹುದು, ಅಡುಗೆಯವರನ್ನು ಕಾಡಬೇಕಾಗಿಲ್ಲ.

ಮುಂದೆ ಹೋಗುವ ಮೊದಲು ನಿಮ್ಮ ಕಲ್ಲು ಯಾವುದು ಎಂದು ತಿಳಿದಿರಬೇಕು. ಹತ್ತರಲ್ಲಿ ಏಳೆಂಟು ಕಲ್ಲುಗಳಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಆಕ್ಸಲೇಟ್, ಅಂದರೆ ಕ್ಯಾಲ್ಸಿಯಂ ಜೊತೆ ಸೊಪ್ಪು ತರಕಾರಿಗಳಲ್ಲಿರುವ ಆಕ್ಸಲೇಟ್ ಎಂಬ ಪದಾರ್ಥ ಕೂಡಿ ಕಟ್ಟಿದ ಹರಳು. ಇಲ್ಲಿ ಬರೆದದ್ದು ಮುಖ್ಯವಾಗಿ ಆ ಜಾತಿಗೆ. ಯೂರಿಕ್ ಆಸಿಡ್ ಕಲ್ಲಿನ ಮಾತು ಬೇರೆ, ಮೀನಿನ ಹೋಟೆಲಿನ ಹತ್ತಿರ ಬಂದಾಗ ಅದನ್ನು ಹೇಳುತ್ತೇವೆ. ಸೋಂಕಿನಿಂದ ಆಗುವ ಕಲ್ಲಿಗೂ ಹುಟ್ಟಿನಿಂದ ಬರುವ ಸಿಸ್ಟೀನ್ ಕಲ್ಲಿಗೂ ಡಾಕ್ಟರ ಚಿಕಿತ್ಸೆಯೇ ಮುಖ್ಯ, ಊಟದ ಬದಲಾವಣೆ ಒಂದರಿಂದ ಅವು ನಿಲ್ಲುವುದಿಲ್ಲ. ಕಲ್ಲು ಹೊರಗೆ ಬಿದ್ದಾಗ ಎಸೆಯಬೇಡಿ. ಟೀ ಸೋಸುವ ಜರಡಿಯಲ್ಲಿ ಮೂತ್ರ ಹಿಡಿದು, ಸಿಕ್ಕ ಹರಳನ್ನು ಒಣ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ಕೊಡಿ. ಜೊತೆಗೆ 24 ಗಂಟೆಯ ಮೂತ್ರ ಪರೀಕ್ಷೆಯೂ ಆದರೆ ಪಥ್ಯ ಊಹೆಯ ಮೇಲೆ ನಡೆಯುವುದಿಲ್ಲ.

ಎಲೆಯ ಎಡ ತುದಿ

ಎಲೆ ಹಾಕಿದ ಮೇಲೆ ಮೊದಲು ಬಂದು ಕೂರುವುದು ಉಪ್ಪು, ಉಪ್ಪಿನಕಾಯಿ, ಹಪ್ಪಳ. ಕಲ್ಲಿನ ಲೆಕ್ಕದಲ್ಲಿ ಎಲೆಯ ಅತಿ ಕೆಟ್ಟ ಮೂಲೆ ಇದೇ. ಕಿಡ್ನಿ ಸೋಡಿಯಂ ಹೊರಹಾಕುವಾಗ ಅದರ ಜೊತೆ ಕ್ಯಾಲ್ಸಿಯಂ ಕೂಡ ಮೂತ್ರಕ್ಕೆ ಇಳಿಯುತ್ತದೆ. ಸುಮಾರು 6 ಗ್ರಾಂ ಉಪ್ಪು, ಅಂದರೆ ತಲೆ ತಟ್ಟಿದ ಒಂದು ಟೀ ಚಮಚ, ಹೆಚ್ಚಿಗೆ ತಿಂದರೆ ಮೂತ್ರದಲ್ಲಿ ಅಂದಾಜು 40 ಮಿಲಿಗ್ರಾಂ ಕ್ಯಾಲ್ಸಿಯಂ ಹೆಚ್ಚುತ್ತದೆ. ಕಲ್ಲು ಕಟ್ಟುವುದು ಮೂತ್ರದಲ್ಲಿರುವ ಕ್ಯಾಲ್ಸಿಯಂನಿಂದ. ಹೊಟ್ಟೆಗೆ ಹೋದ ಕ್ಯಾಲ್ಸಿಯಂ ಬೇರೆ, ಮೂತ್ರಕ್ಕಿಳಿದ ಕ್ಯಾಲ್ಸಿಯಂ ಬೇರೆ. ಈ ವ್ಯತ್ಯಾಸ ತಿಳಿಯದೆ ಮೊಸರಿನ ಮೇಲೆ ಅಪವಾದ ಬಂದಿದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು. ಒಂದು ಎಲೆಯೂಟದ ಲೆಕ್ಕ ಹಾಕಿ ನೋಡಿ. ಸಾಂಬಾರು, ಸಾರುಗಳಿಗೆ ಅಡುಗೆಯವರು ಹಾಕುವ ಉಪ್ಪು ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲು. 150 ಮಿಲಿಲೀಟರಿನ ಒಂದು ಬಟ್ಟಲಿಗೆ ಒಂದೂವರೆ ಗ್ರಾಂ ಆಯಿತು. ಎರಡು ಬಟ್ಟಲು ಸಾಂಬಾರು, ಒಂದು ಬಟ್ಟಲು ಸಾರು ಸೇರಿದರೆ ಅಲ್ಲಿಗೇ ನಾಲ್ಕೂವರೆ. ದೊಡ್ಡ ಚಮಚ ಉಪ್ಪಿನಕಾಯಿಯಲ್ಲಿ ಒಂದರಿಂದ ಎರಡು ಗ್ರಾಂ. ಒಂದು ಉದ್ದಿನ ಹಪ್ಪಳದಲ್ಲಿ ಅರ್ಧ ಗ್ರಾಂ ಆಸುಪಾಸು, ಹಪ್ಪಳದ ಹಿಟ್ಟಿಗೆ ಹಾಕುವ ಕ್ಷಾರದಲ್ಲಿರುವ ಸೋಡಿಯಂ ಕೂಡ ಅದರಲ್ಲೇ ಬಂತು. ಎರಡು ಪಲ್ಯದಿಂದ ಇನ್ನೊಂದೂವರೆ, ಉಪ್ಪು ಹಾಕಿದ ಮಜ್ಜಿಗೆಯಿಂದ ಅರ್ಧದಿಂದ ಒಂದು. ಮಧ್ಯಾಹ್ನದ ಒಂದೇ ಊಟಕ್ಕೆ ಎಂಟು ಗ್ರಾಂ ಮುಟ್ಟುತ್ತದೆ. ಬೆಳಗಿನ ಇಡ್ಲಿ ಸಾಂಬಾರು, ರಾತ್ರಿಯ ಊಟ ಇನ್ನೂ ಲೆಕ್ಕಕ್ಕೆ ಬಂದೇ ಇಲ್ಲ.

ಇದನ್ನು ಮೂರು ಗ್ರಾಮಿನ ಹತ್ತಿರ ತರಲು ಊಟ ಬಿಡಬೇಕಾಗಿಲ್ಲ. ಎಲೆಯ ಮುಂದೆ ಕುಳಿತ ತಕ್ಷಣ, ಬಡಿಸುವ ಕೈ ಬರುವ ಮೊದಲೇ, "ಅಣ್ಣ, ಉಪ್ಪು, ಉಪ್ಪಿನಕಾಯಿ, ಹಪ್ಪಳ ಮೂರೂ ಬೇಡ" ಎನ್ನಿ. ಬಡಿಸಿದ ಮೇಲೆ ಬೇಡವೆಂದರೆ ಅದು ಎಲೆಯಲ್ಲೇ ಉಳಿಯುತ್ತದೆ, ಎದುರಿಗಿರುವ ಹಪ್ಪಳವನ್ನು ಕೈ ಮುರಿಯದೆ ಬಿಡುವುದಿಲ್ಲ. ಸಾಂಬಾರು ಅಥವಾ ಸಾರು, ಎರಡರಲ್ಲಿ ಒಂದನ್ನು ಆರಿಸಿ, ಒಂದೇ ಬಟ್ಟಲಿಗೆ ನಿಲ್ಲಿಸಿ. ಅನ್ನಕ್ಕೆ ಕಲಸಲು ಇನ್ನೂ ಬೇಕೆನಿಸಿದರೆ ಉಪ್ಪು ಹಾಕದ ಮೊಸರು ಇದೆ. ಸಾಂಬಾರನ್ನು ಬಟ್ಟಲಿನಿಂದ ಎತ್ತಿ ಕುಡಿಯುವ ಅಭ್ಯಾಸ ಅನೇಕರಿಗಿದೆ. ಅದನ್ನು ನಿಲ್ಲಿಸಿ, ಹೋಳುಗಳನ್ನು ತಿಂದು ನೀರನ್ನು ಬಿಡಿ. ಎಷ್ಟು ಬೇಕಾದರೂ ಬಡಿಸುವ ಎಲೆಯೂಟ ಮತ್ತು ಅಳತೆಯ ತಾಟು ಎರಡೂ ಸಿಗುವ ಕಡೆ ಕಲ್ಲಿನವರಿಗೆ ತಾಟೇ ಸರಿ, ಬಟ್ಟಲಿನ ಲೆಕ್ಕ ಅದರಲ್ಲಿ ತಾನಾಗಿ ಸಿಗುತ್ತದೆ.

ಸೈಂಧವ ಲವಣ, ಕಪ್ಪು ಉಪ್ಪು ಬಳಸಿದರೆ ತೊಂದರೆಯಿಲ್ಲ ಎಂಬ ಮಾತು ಕೇಳಿಬರುತ್ತದೆ. ಅವುಗಳಲ್ಲೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಕಿಡ್ನಿಯ ಕೆಲಸ ಕುಂದಿರುವವರಿಗೆ ಅದು ಅಪಾಯ, ಡಾಕ್ಟರನ್ನು ಕೇಳದೆ ಬಳಸಕೂಡದು.

ಮೊಸರಿನ ಬಟ್ಟಲು

ಎಲೆಯ ಮೇಲಿನ ಅತ್ಯುತ್ತಮ ಪದಾರ್ಥ ಇದು, ಪೂರ್ಣ ಅಂಕ. ತರಕಾರಿ, ಕಾಳು, ಬೀಜಗಳಲ್ಲಿರುವ ಆಕ್ಸಲೇಟ್ ಕರುಳಿನಲ್ಲಿ ಕ್ಯಾಲ್ಸಿಯಂ ಸಿಕ್ಕರೆ ಅದರೊಡನೆ ಕೂಡಿಕೊಂಡು ಮಲದಲ್ಲಿ ಹೊರಟುಹೋಗುತ್ತದೆ. ಕ್ಯಾಲ್ಸಿಯಂ ಸಿಗದಿದ್ದರೆ ಬಿಡಿಯಾಗಿ ರಕ್ತಕ್ಕೆ ಸೇರಿ, ಕಿಡ್ನಿಗೆ ಬಂದು, ಅಲ್ಲಿ ಕ್ಯಾಲ್ಸಿಯಂ ಹುಡುಕಿಕೊಳ್ಳುತ್ತದೆ. ಮೊಸರು ಬಿಟ್ಟವರ ಮೂತ್ರದಲ್ಲಿ ಆಕ್ಸಲೇಟ್ ಏರುವುದು ಹೀಗೆ.

ಇದು ಬರೀ ತರ್ಕದ ಮಾತಲ್ಲ. ಇಟಲಿಯಲ್ಲಿ ಮತ್ತೆ ಮತ್ತೆ ಕಲ್ಲಾಗುತ್ತಿದ್ದ 120 ಗಂಡಸರನ್ನು ಎರಡು ಗುಂಪು ಮಾಡಿ ಐದು ವರ್ಷ ನೋಡಿದರು. ಒಂದು ಗುಂಪಿಗೆ ಕ್ಯಾಲ್ಸಿಯಂ ಕಡಿತ. ಇನ್ನೊಂದು ಗುಂಪಿಗೆ ಕ್ಯಾಲ್ಸಿಯಂ ಎಂದಿನಷ್ಟೇ, ಉಪ್ಪು ಮತ್ತು ಮಾಂಸ ಕಡಿಮೆ. 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಜನರಲ್ಲಿ 23 ಮಂದಿಗೆ ಕಲ್ಲು ಮರಳಿತ್ತು, ಉಪ್ಪು ಮಾಂಸ ಕಡಿಮೆ ಮಾಡಿದ 60 ಜನರಲ್ಲಿ 12 ಮಂದಿಗೆ ಮಾತ್ರ. ಇಪ್ಪತ್ತು ವರ್ಷ ಕಳೆದರೂ ಈ ಸಂಗತಿ ನಮ್ಮ ಮನೆಗಳ ಪಥ್ಯದ ಚೀಟಿಗೆ ಬಂದಿಲ್ಲ ಎನ್ನುವುದು ನೋವಿನ ವಿಷಯ. ಮೊಸರು ಬಿಟ್ಟ ವಯಸ್ಸಾದ ಹೆಂಗಸರ ಮೂಳೆಯೂ ಸವೆಯುತ್ತದೆ, ಕಲ್ಲೂ ನಿಲ್ಲುವುದಿಲ್ಲ.

ದಿನಕ್ಕೆ ಬೇಕಾದ ಕ್ಯಾಲ್ಸಿಯಂ 1000ದಿಂದ 1200 ಮಿಲಿಗ್ರಾಂ. 150 ಗ್ರಾಮಿನ ಒಂದು ಬಟ್ಟಲು ಮೊಸರಿನಲ್ಲಿ ಅಂದಾಜು 200, ಒಂದು ಲೋಟ ತೆಳು ಮಜ್ಜಿಗೆಯಲ್ಲಿ 80ರಿಂದ 100, ನೂರು ಮಿಲಿಲೀಟರ್ ಹಾಲಿನಲ್ಲಿ 120 ಸಿಗುತ್ತದೆ. ಇಲ್ಲಿ ಮುಖ್ಯವಾದದ್ದು ಸಮಯ. ಆಕ್ಸಲೇಟನ್ನು ಹಿಡಿಯಬೇಕಾದರೆ ಮೊಸರು ಅದೇ ಊಟದ ಜೊತೆ ಕರುಳಿನಲ್ಲಿರಬೇಕು. ರಾತ್ರಿ ಮಲಗುವಾಗ ಕುಡಿದ ಹಾಲು ಮಧ್ಯಾಹ್ನದ ಪಲ್ಯಕ್ಕೆ ಕಾವಲಾಗುವುದಿಲ್ಲ. ಉಡುಪಿ ಊಟದಲ್ಲಿ ಮೊಸರು ಕೊನೆಗೆ ಬರುವುದರಿಂದ ಹೊಟ್ಟೆ ತುಂಬಿದವರು ಅದನ್ನೇ ಬಿಟ್ಟು ಏಳುತ್ತಾರೆ. ಮೊದಲೇ ತರಿಸಿಟ್ಟುಕೊಂಡು ಪಲ್ಯದ ಜೊತೆ ತಿನ್ನುತ್ತಾ ಬನ್ನಿ. ಮೂಳೆಗೆಂದು ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನೂ ಬರಿಹೊಟ್ಟೆಯಲ್ಲಿ ನುಂಗದೆ ಊಟದ ಜೊತೆಗೇ ತೆಗೆದುಕೊಳ್ಳಬೇಕು. ಮಜ್ಜಿಗೆಗೆ ಉಪ್ಪು ಬೆರೆಸಿಟ್ಟಿರುವ ಹೋಟೆಲಿನಲ್ಲಿ ಗಟ್ಟಿ ಮೊಸರು ಕೇಳಿ, ಲೋಟದ ನೀರಿನಲ್ಲಿ ನೀವೇ ಕಲಸಿಕೊಳ್ಳಿ.

ಪಲ್ಯ, ಸೊಪ್ಪು, ಪತ್ರೊಡೆ

ಬೀಜವಿರುವ ತರಕಾರಿಯಿಂದ ಕಲ್ಲಾಗುತ್ತದೆ ಎಂದು ಟೊಮೆಟೊ ಬೀಜ ತೆಗೆಯುವವರು, ಸೀಬೆ ಹಣ್ಣು ಮುಟ್ಟದವರು ಬಹಳ. ತರಕಾರಿಯ ಬೀಜ ಕಿಡ್ನಿಗೆ ಹೋಗುವುದೇ ಇಲ್ಲ. ಮಧ್ಯಮ ಗಾತ್ರದ ಒಂದು ಟೊಮೆಟೊದಲ್ಲಿ 7 ಮಿಲಿಗ್ರಾಂ ಆಸುಪಾಸು ಆಕ್ಸಲೇಟ್ ಇದ್ದರೆ, ಅರ್ಧ ಕಪ್ ಬೇಯಿಸಿದ ಪಾಲಕಿನಲ್ಲಿ 750ರಷ್ಟಿರುತ್ತದೆ. ನೂರು ಟೊಮೆಟೊಗೆ ಸಮ. ಟೊಮೆಟೊ ಸಾರು ಬಿಟ್ಟು ಪಾಲಕ್ ಪನೀರ್ ತರಿಸುವವರು ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಂಡರೆ ಸಾಕು. ಪನೀರಿನಲ್ಲಿ ಕ್ಯಾಲ್ಸಿಯಂ ಇದೆ ನಿಜ, ಆದರೆ ನಾಲ್ಕು ತುಂಡು ಪನೀರ್ ಅಷ್ಟೂ ಆಕ್ಸಲೇಟನ್ನು ಹಿಡಿದಿಡುತ್ತದೆ ಎಂದು ನಂಬಬೇಡಿ. ಬೇಳೆಯನ್ನೂ ಸುಮ್ಮನೆ ದೂರುತ್ತಾರೆ. ತೊಗರಿಬೇಳೆಯ ತೊವ್ವೆ ಕಲ್ಲಿನವರಿಗೆ ಸಲ್ಲುತ್ತದೆ.

ನಿರಾತಂಕವಾಗಿ ಬಡಿಸಿಕೊಳ್ಳಬಹುದಾದ ಪಲ್ಯ ಅಂದರೆ ಕೋಸು, ಹೂಕೋಸು, ತೊಂಡೆಕಾಯಿ, ಸೋರೆಕಾಯಿ, ಪಡುವಲಕಾಯಿ, ಬೂದುಗುಂಬಳ. ಮುಳ್ಳುಸೌತೆಯ ಕೋಸಂಬರಿ ಎರಡು ಸಲ ಹಾಕಿಸಿಕೊಳ್ಳಿ, ಉಪ್ಪು ಬೆರೆಸದೆ ಇಟ್ಟಿದ್ದರೆ ಇನ್ನೂ ಒಳ್ಳೆಯದು. ಬೂದುಗುಂಬಳದ ಮಜ್ಜಿಗೆಹುಳಿ ಇರುವ ದಿನ ಸಾಂಬಾರು ಬಿಟ್ಟು ಅದನ್ನೇ ಆರಿಸಿ, ತರಕಾರಿಯೂ ಕ್ಯಾಲ್ಸಿಯಂ ಕೂಡ ಒಂದೇ ಬಟ್ಟಲಿನಲ್ಲಿ ಬರುತ್ತವೆ. ಬದನೆ ಹೆದರುವಷ್ಟಿಲ್ಲ. ಬೆಂಡೆಕಾಯಿ, ಆಲೂಗಡ್ಡೆ ಮಧ್ಯದ ಸಾಲಿನವು, ಅರ್ಧ ಬಟ್ಟಲು ಸಾಕು. ಬೀಟ್‌ರೂಟ್ ಪಲ್ಯ ಬೇಡ. ಸೊಪ್ಪು ಬೇಕೇ ಬೇಕೆಂದರೆ ಮೆಂತ್ಯೆ ಸೊಪ್ಪು.

ಕರಾವಳಿಯವರಿಗೆ ನಿಜವಾದ ಸಂಕಟ ಬರುವುದು ಬಸಳೆ, ಹರಿವೆ, ಕೆಸುವಿನ ಎಲೆಯಲ್ಲಿ. ಮೂರರಲ್ಲೂ ಆಕ್ಸಲೇಟ್ ಹೆಚ್ಚು. ಮಾಟುಂಗ ಮಾರ್ಕೆಟಿನಲ್ಲಿ ಬಾಳೆ ಎಲೆಯ ಪಕ್ಕದಲ್ಲೇ ಇವು ಕಣ್ಣಿಗೆ ಬೀಳುತ್ತವೆ, ಊರಿನ ನೆನಪಿಗೆ ಕೈ ಹೋಗುತ್ತದೆ. ಹರಿವೆ, ಬಸಳೆಗಳನ್ನು ಮನೆಯಲ್ಲಿ ಮಾಡುವಾಗ ಹೆಚ್ಚಿ, ಧಾರಾಳ ನೀರಿನಲ್ಲಿ 10ರಿಂದ 15 ನಿಮಿಷ ಕುದಿಸಿ, ಆ ನೀರನ್ನು ಪೂರ್ತಿ ಚೆಲ್ಲಿ, ಸೊಪ್ಪನ್ನು ಹಿಂಡಿ ಆಮೇಲೆ ಒಗ್ಗರಣೆ ಹಾಕಿ. ನೀರಿನಲ್ಲಿ ಕರಗುವ ಆಕ್ಸಲೇಟಿನ ದೊಡ್ಡ ಪಾಲು ಹೀಗೆ ಹೋಗುತ್ತದೆ. ಕುಕ್ಕರಿನಲ್ಲಿ ಬೇಯಿಸಿ ಅದೇ ನೀರಿನಲ್ಲಿ ಗಸಿ ಮಾಡಿದರೆ ಹೋದದ್ದೇನೂ ಇಲ್ಲ. ಹೋಟೆಲಿನಲ್ಲಿ ಹೇಗೆ ಮಾಡಿದ್ದಾರೆಂದು ತಿಳಿಯದ ಕಾರಣ ಅಲ್ಲಿ ಈ ಸೊಪ್ಪುಗಳನ್ನು ಬಿಡುವುದೇ ನೇರ ದಾರಿ.

ಪತ್ರೊಡೆ ಮತ್ತು ಅದರ ಮರಾಠಿ ತಂಗಿ ಅಳುವಡಿ ಇನ್ನೂ ಕಷ್ಟ. ಅವು ಹಬೆಯಲ್ಲಿ ಬೇಯುತ್ತವೆ, ಚೆಲ್ಲಲು ನೀರೇ ಇರುವುದಿಲ್ಲ. ಹುಣಸೆ ಹುಳಿ ಹಾಕಿದರೆ ಗಂಟಲ ತುರಿಕೆ ಇಳಿಯುತ್ತದೆ, ಆಕ್ಸಲೇಟ್ ಇಳಿಯುವುದಿಲ್ಲ. ಮಳೆಗಾಲದ ಪತ್ರೊಡೆಯನ್ನು ಪೂರ್ತಿ ಬಿಡಿ ಎಂದು ಹೇಳಲು ನಮಗೂ ಮನಸ್ಸಿಲ್ಲ. ಕಲ್ಲು ಒಂದೇ ಸಲ ಬಂದು ಹೋದವರು ಎರಡು ಬಿಲ್ಲೆ ತಿಂದು, ಜೊತೆಗೆ ಬಟ್ಟಲು ತುಂಬ ಮೊಸರು ತೆಗೆದುಕೊಳ್ಳಿ. ಮತ್ತೆ ಮತ್ತೆ ಆಗುತ್ತಿರುವವರು ಮುಟ್ಟದಿರುವುದೇ ಲೇಸು.

ಇದಕ್ಕಿಂತ ದೊಡ್ಡ ಎಚ್ಚರಿಕೆ ಬಿಂಬುಳಿ ಮತ್ತು ದಾರೆಹುಳಿಯದು. ಚಟ್ನಿಗೆ ಒಂದೆರಡು ಬಿಂಬುಳಿ ಬೀಳುವುದು ಬೇರೆ, ಕೊಲೆಸ್ಟರಾಲ್ ಇಳಿಯಲೆಂದು ಅದರ ರಸ ಹಿಂಡಿ ಲೋಟಗಟ್ಟಲೆ ಕುಡಿಯುವುದು ಬೇರೆ. ಹಾಗೆ ಕುಡಿದವರ ಕಿಡ್ನಿಯೇ ದಿಢೀರನೆ ಕೈಕೊಟ್ಟ ಪ್ರಕರಣಗಳು ಕೇರಳದಿಂದ ವರದಿಯಾಗಿವೆ. ಮುಂಬಯಿಯ ಶಾಲೆಗಳ ಹೊರಗೆ ಉಪ್ಪು ಖಾರ ಸವರಿ ಕಮರಖ್ ಎಂದು ಮಾರುವ ಹಣ್ಣು ನಮ್ಮ ದಾರೆಹುಳಿಯೇ. ಕಿಡ್ನಿಯ ತೊಂದರೆ ಇರುವವರು ಅದರ ಒಂದು ಹೋಳನ್ನೂ ತಿನ್ನಬಾರದು.

ತಿಂಡಿ ಮತ್ತು ಕಾಫಿ

ಇಡ್ಲಿ, ಸಾದಾ ದೋಸೆ, ನೀರುದೋಸೆ ಕಲ್ಲಿನ ಲೆಕ್ಕದಲ್ಲಿ ಒಳ್ಳೆಯ ತಿಂಡಿ. ಹಾಳು ಮಾಡುವುದು ಜೊತೆಗಿನ ಸಾಂಬಾರು. ಸಾಂಬಾರಿನಲ್ಲಿ ಮುಳುಗಿಸಿದ ಇಡ್ಲಿ, ವಡೆ ಕೇಳಬೇಡಿ, ಸಾಂಬಾರು ಬೇರೆ ಬಟ್ಟಲಿನಲ್ಲಿ ಬರಲಿ. ಕಾಯಿ ಚಟ್ನಿ ಸರಿ, ಶೇಂಗಾ ಚಟ್ನಿ ಆಗಾಗ ಮಾತ್ರ. ಮೊಸರು ವಡೆ ಸಿಕ್ಕಿದರೆ ಸಾಂಬಾರು ವಡೆಗಿಂತ ಅದು ಮೇಲು. ಜೋಳದ ರೊಟ್ಟಿ ಊಟದ ಖಾನಾವಳಿಗೆ ಹೋಗುವ ಉತ್ತರ ಕರ್ನಾಟಕದವರಿಗೂ ಇದೇ ಮಾತು: ರೊಟ್ಟಿ ಬೇಕಾದಷ್ಟು, ಶೇಂಗಾ ಚಟ್ನಿಪುಡಿ ಒಂದು ಚಿಟಿಕೆ, ಮೊಸರು ಜೊತೆಗೆ. ಗೋಡಂಬಿ ತುಂಬಿದ ಉಪ್ಪಿಟ್ಟು, ಬಾದಾಮಿ ಹಲ್ವ ದಿನನಿತ್ಯಕ್ಕೆ ಬೇಡ.

ಹಾಲು ಹಾಕಿದ ಫಿಲ್ಟರ್ ಕಾಫಿ ಕುಡಿಯಿರಿ, ಭಯವಿಲ್ಲ. ಚಹಾದಲ್ಲಿ ಆಕ್ಸಲೇಟ್ ಇದೆ, ಹಾಲು ಬಿದ್ದ ಕಟಿಂಗ್ ಚಹಾದಲ್ಲಿ ಅದರ ಕಾಟ ಕಡಿಮೆ. ಆರೋಗ್ಯಕ್ಕೆಂದು ಹಾಲಿಲ್ಲದ ಕಪ್ಪು ಚಹಾಕ್ಕೆ ಬದಲಾದವರು ಮತ್ತೆ ಹಾಲಿಗೆ ಮರಳುವುದು ಒಳಿತು. ಕೋಲಾ ಬೇಡ.

ಉಪವಾಸದ ತಾಟಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಏಕಾದಶಿ, ಶ್ರಾವಣ, ನವರಾತ್ರಿ ಬಂತೆಂದರೆ ಮುಂಬಯಿಯ ಉಡುಪಿ ಹೋಟೆಲುಗಳಲ್ಲೂ ಸಾಬುದಾನ ಖಿಚಡಿ, ಸಾಬುದಾನ ವಡೆ, ಫರಾಳಿ ಮಿಸಳ್, ರಾಜಗಿರಾ ಪೂರಿ, ಗೆಣಸಿನ ತಿಂಡಿಗಳು ಶುರುವಾಗುತ್ತವೆ. ಶೇಂಗಾ, ರಾಜಗಿರಾ, ಗೆಣಸು, ಆಕ್ಸಲೇಟಿನ ದೊಡ್ಡ ಪಾಲುದಾರರೆಲ್ಲ ಒಂದೇ ತಾಟಿನಲ್ಲಿ ಸೇರುವ ದಿನ ಇದು. ಮೇಲಿಂದ ನೀರು ಕುಡಿಯದೆ ವ್ರತ ಹಿಡಿದರೆ ಮೂತ್ರ ದಟ್ಟವಾಗುತ್ತದೆ. ವ್ರತ ಮಾಡುವ ಕಲ್ಲಿನವರು ನೀರು ಬಿಡದ ವ್ರತವನ್ನೇ ಆರಿಸಿಕೊಳ್ಳಿ. ಆಹಾರಕ್ಕೆ ಹಾಲು, ಮೊಸರು, ಬಾಳೆಹಣ್ಣು, ಎಳನೀರು, ಶೇಂಗಾಪುಡಿ ಹಾಕದ ಸಾಬುದಾನ. ಖಿಚಡಿ ತಿನ್ನಲೇಬೇಕಾದರೆ ಬದಿಯಲ್ಲಿ ಮೊಸರಿನ ಬಟ್ಟಲು ಇರಲಿ.

ನೀರಿನ ಲೋಟ

ಮಾಣಿ ಮೊದಲು ತಂದಿಡುವುದು ನೀರಿನ ಲೋಟ. ಊಟದ ಉಳಿದ ಎಲ್ಲ ಪದಾರ್ಥಗಳಿಗಿಂತ ಇದರ ಕೆಲಸ ದೊಡ್ಡದು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗಬೇಕು ಎನ್ನುವುದು ವೈದ್ಯರ ಗುರಿ. ಕುಡಿಯುವ ನೀರಲ್ಲ, ಹೊರಬರುವ ಮೂತ್ರ. ಮುಂಬಯಿಯ ಸೆಕೆಯಲ್ಲಿ ಬೆವರಿಗೆ ಹೋಗುವುದನ್ನು ಸೇರಿಸಿದರೆ ಮೂರು, ಮೂರೂವರೆ ಲೀಟರ್ ಕುಡಿಯಬೇಕಾಗುತ್ತದೆ. ತಿಂಗಳಿಗೊಮ್ಮೆ ರಜೆಯ ದಿನ ಅಳತೆಯ ಜಗ್ಗಿನಲ್ಲಿ ಮೂತ್ರ ಹಿಡಿದು ನೋಡಿ, ಎಷ್ಟು ಕಡಿಮೆ ಬೀಳುತ್ತಿದೆ ಎಂದು ಗೊತ್ತಾಗುತ್ತದೆ. ಇಟಲಿಯದೇ ಇನ್ನೊಂದು ಅಧ್ಯಯನ 1996ರಲ್ಲಿ ಬಂತು. ಮೊದಲ ಸಲ ಕಲ್ಲಾದವರಿಗೆ ಹೆಚ್ಚು ನೀರು ಕುಡಿಯಲು ಹೇಳಿದ ಗುಂಪಿನಲ್ಲಿ ಐದು ವರ್ಷದಲ್ಲಿ ನೂರಕ್ಕೆ 12 ಮಂದಿಗೆ ಕಲ್ಲು ಮರಳಿತು, ಹೇಳದ ಗುಂಪಿನಲ್ಲಿ 27 ಮಂದಿಗೆ. ಔಷಧವಿಲ್ಲದೆ, ಬರೀ ನೀರಿನಿಂದ.

ಈ ಊರಿನಲ್ಲಿ ನೀರು ಕುಡಿಯಲು ಅಡ್ಡಿ ಲೋಕಲ್ ಟ್ರೈನು. ವಿರಾರಿನಿಂದ, ಕಲ್ಯಾಣದಿಂದ ಒಂದು ಗಂಟೆಗೂ ಹೆಚ್ಚು ನಿಂತು ಬರುವವರು, ಅದರಲ್ಲೂ ಹೆಂಗಸರು, ಶೌಚಾಲಯದ ಚಿಂತೆಯಿಂದ ಬೆಳಗಿನಿಂದ ಗುಟುಕು ನೀರನ್ನೂ ಕುಡಿಯುವುದಿಲ್ಲ. ಅವರಿಗೆ ಸರಿಹೊಂದುವ ಕ್ರಮ ಹೀಗೆ. ಎದ್ದ ತಕ್ಷಣ ಅರ್ಧ ಲೀಟರ್ ಕುಡಿದುಬಿಡಿ, ಹೊರಡುವ ಹೊತ್ತಿಗೆ ಅದು ಇಳಿದುಹೋಗಿರುತ್ತದೆ. ಟ್ರೈನಿಗೆ ಮುಂಚಿನ ಮುಕ್ಕಾಲು ಗಂಟೆ ಏನೂ ಬೇಡ. ಆಫೀಸು ಮುಟ್ಟಿದ ಕೂಡಲೇ ಅರ್ಧ ಲೀಟರ್. ಊಟದ ಹೊತ್ತಿಗೆ ಇನ್ನೊಂದು ಅರ್ಧ ಲೀಟರ್, ಮಧ್ಯಾಹ್ನದಲ್ಲಿ ಮುಕ್ಕಾಲು, ಹೊರಡುವ ಮುನ್ನ ಮತ್ತೆ ಬಿಡುವು. ಮನೆ ಸೇರಿದ ಮೇಲೆ ಅರ್ಧ, ಮಲಗುವ ಮೊದಲು ಕಾಲು ಲೀಟರ್. ರಾತ್ರಿ ಎದ್ದರೆ ಇನ್ನೊಂದು ಲೋಟ ಕುಡಿದು ಮಲಗಿ, ಮೂತ್ರ ಅತಿ ದಟ್ಟವಾಗುವುದು ನಿದ್ದೆಯ ಹೊತ್ತಿನಲ್ಲೇ. ಬಾಕಿ ಉಳಿಸಿಕೊಂಡು ಎರಡು ಲೀಟರನ್ನು ಒಂದೇ ಉಸಿರಿಗೆ ಕುಡಿಯುವುದು ಅಪಾಯ, ರಕ್ತದ ಸೋಡಿಯಂ ಕುಸಿಯುತ್ತದೆ. ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ ಅಲ್ಲಿನ ಶೌಚಾಲಯ ಬಳಸಿಯೇ ಹೊರಡಿ, ಆಮೇಲಿನ ದಾರಿಗೆ ನೀರು ಕುಡಿಯಲು ಧೈರ್ಯ ಬರುತ್ತದೆ.

ನೀರಿನಿಂದಲೇ ಕಲ್ಲಾಗುತ್ತದೆ ಎಂಬ ಭಯದಲ್ಲಿ ಮನೆಗೆ ದುಬಾರಿ ಆರ್‌ಒ ಯಂತ್ರ ತಂದವರಿದ್ದಾರೆ. ತಾನ್ಸಾ, ವೈತರ್ಣಾ, ಭಾತ್ಸಾ ಜಲಾಶಯಗಳಿಂದ ಬರುವ ಪಾಲಿಕೆಯ ನೀರು ಮೊದಲೇ ಮೆದು. ಬೋರ್‌ವೆಲ್ ಟ್ಯಾಂಕರಿನ ಗಡಸು ನೀರು ಕುಡಿಯುವವರಿಗೂ ಕಡಿಮೆ ಕುಡಿಯುವುದೇ ಗಡಸುತನಕ್ಕಿಂತ ದೊಡ್ಡ ತಪ್ಪು.

ನಿಂಬೆ ಪಾನಕ ಕೇಳುವಾಗ "ಉಪ್ಪು ಬೇಡ, ಸಕ್ಕರೆ ಕಡಿಮೆ, ಸೋಡಾ ಬೇಡ, ನೀರಿನಲ್ಲಿ" ಎಂದು ನಾಲ್ಕೂ ಹೇಳಿ. ನಿಂಬೆಯಲ್ಲಿರುವ ಸಿಟ್ರೇಟ್ ಮೂತ್ರದಲ್ಲಿ ಹರಳು ಕಟ್ಟದಂತೆ ತಡೆಯುತ್ತದೆ. ಆದರೆ ಅಳತೆ ತಿಳಿದಿರಲಿ. ಅಧ್ಯಯನಗಳಲ್ಲಿ ಕೊಟ್ಟದ್ದು ದಿನಕ್ಕೆ 85ರಿಂದ 120 ಮಿಲಿಲೀಟರ್ ರಸ. ನಮ್ಮ ಸಣ್ಣ ನಿಂಬೆಯಲ್ಲಿ ಸಿಗುವುದು 15ರಿಂದ 20, ಅಂದರೆ ಐದಾರು ಹಣ್ಣು ಬೇಕು. ಊಟದ ಕೊನೆಗೆ ಹಿಂಡುವ ಕಾಲು ಹೋಳು ರುಚಿಗೆ ಮಾತ್ರ. ಐದು ನಿಂಬೆಯ ರಸವನ್ನು ದಿನದ ನೀರಿನ ಬಾಟಲಿಗಳಿಗೆ ಹಂಚಿಬಿಟ್ಟರೆ ಸುಲಭ. ಕುಡಿದ ಮೇಲೆ ಬಾಯಿ ಮುಕ್ಕಳಿಸಿ, ಹಲ್ಲು ಸವೆಯುತ್ತದೆ. ಎಳನೀರು ಕೂಡ ಸಿಟ್ರೇಟ್ ಹೆಚ್ಚಿಸುತ್ತದೆ.

ಬೀದಿಯ ಜ್ಯೂಸ್ ಅಂಗಡಿಯ ಪಾಲಕ್, ಬೀಟ್‌ರೂಟ್ ಬೆರೆಸಿದ ಹಸಿರು ಜ್ಯೂಸಿಗೆ ಸೊನ್ನೆ ಅಂಕ. ಬೇಯಿಸದ ಪಾಲಕ್, ಸೋಸಿ ಚೆಲ್ಲದ ರಸ, ಬರಿಹೊಟ್ಟೆಯಲ್ಲಿ ಕುಡಿಯುವ ರೂಢಿ, ಕಲ್ಲಿಗೆ ಬೇಕಾದದ್ದೆಲ್ಲ ಒಂದೇ ಲೋಟದಲ್ಲಿದೆ. ದಿನಕ್ಕೆ 1000 ಮಿಲಿಗ್ರಾಮಿನ ವಿಟಮಿನ್ ಸಿ ಮಾತ್ರೆ ನುಂಗುವ ಅಭ್ಯಾಸವೂ ಆಕ್ಸಲೇಟನ್ನು ಏರಿಸುತ್ತದೆ.

ಬಾಳೆದಿಂಡು, ಹುರುಳಿ

ಮಾಟುಂಗ ಮಾರ್ಕೆಟಿನಲ್ಲಿ ಬಾಳೆದಿಂಡು ಕೊಳ್ಳುವವರಲ್ಲಿ ಕಲ್ಲಿನವರು ಬಹಳ. ದಿಂಡಿನ ಪಲ್ಯ, ದಿಂಡಿನ ಮೊಸರುಗೊಜ್ಜು, ಹುರುಳಿ ಸಾರು, ಮರಾಠಿಗರ ಕುಳೀಥ್ ಪಿಠಲ ಎಲ್ಲವೂ ಒಳ್ಳೆಯ ಊಟ, ತಿನ್ನಿ. ಆದರೆ ಅವು ಕಟ್ಟಿದ ಕಲ್ಲನ್ನು ಕರಗಿಸುತ್ತವೆ ಎಂದು ನಂಬಿ ಸ್ಕ್ಯಾನ್ ಮುಂದೂಡಬೇಡಿ. ಐದು ಮಿಲಿಮೀಟರಿಗಿಂತ ಚಿಕ್ಕ ಕಲ್ಲು ಬಹುತೇಕ ತಾನೇ ಇಳಿದು ಹೋಗುತ್ತದೆ. ಆ ದಿನಗಳಲ್ಲಿ ಕುಡಿದದ್ದು ಬಾರ್ಲಿ ನೀರಾದರೆ ಬಾರ್ಲಿಗೂ, ದಿಂಡಿನ ರಸವಾದರೆ ದಿಂಡಿಗೂ ಕೀರ್ತಿ ಬರುತ್ತದೆ. ಹತ್ತು ಮಿಲಿಮೀಟರ್ ದಾಟಿದ ಕಲ್ಲಿಗೆ ಆ ದಾರಿ ಇಲ್ಲ.

ಮೀನಿನ ಹೋಟೆಲಿಗೆ ಹೋಗುವವರಿಗೆ

ಫೋರ್ಟ್ ಕಡೆಯ ಮಂಗಳೂರು ಲಂಚ್ ಹೋಮುಗಳಿಗೆ ಹೋಗುವವರು ಯೂರಿಕ್ ಆಸಿಡ್ ಕಲ್ಲಿನವರಾದರೆ ಲೆಕ್ಕ ಬೇರೆ. ಈ ಕಲ್ಲು ಕಟ್ಟುವುದು ಮೂತ್ರ ಹುಳಿಯಾದಾಗ, ಪಿಎಚ್ 5.5ಕ್ಕಿಂತ ಕೆಳಗಿಳಿದಾಗ. ಮಧುಮೇಹ, ಬೊಜ್ಜು ಇರುವವರಲ್ಲಿ ಹೆಚ್ಚು. ಬೂತಾಯಿ, ಬಂಗುಡೆ, ಕೊಲ್ಲತರು ಮೂರೂ ಯೂರಿಕ್ ಆಸಿಡ್ ಏರಿಸುವ ಮೀನುಗಳು. ಒಣಮೀನಿನಲ್ಲಿ ಅದರ ಜೊತೆ ಉಪ್ಪು ಬೇರೆ. ಬಿಯರ್ ಕುಡಿದರೆ ಕಲ್ಲು ಇಳಿಯುತ್ತದೆ ಎಂಬ ಸಲಹೆ ಈ ಜಾತಿಯ ಕಲ್ಲಿಗೆ ನೇರ ಹಾನಿ. ಮೀನು ಬೇಕಾದರೆ ಅಂಗೈಯಷ್ಟು ಒಂದು ತುಂಡು, ಜೊತೆಗೆ ತರಕಾರಿಯ ಬಟ್ಟಲು, ನಿಂಬೆ. ಸಿಟ್ರೇಟ್ ಔಷಧಿಯಿಂದ ಮೂತ್ರದ ಹುಳಿ ಇಳಿಸಿ ಈ ಕಲ್ಲನ್ನು ಕರಗಿಸಲು ಸಾಧ್ಯವಿದೆ, ಆದರೆ ಅದು ಡಾಕ್ಟರ ಕೈಯಲ್ಲಿ ನಡೆಯಬೇಕಾದ ಕೆಲಸ. ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಳ್ಳುವ ಉರಿಮೂತ್ರದ ಸಿರಪ್ಪುಗಳಲ್ಲಿ ಎಷ್ಟೋ ಸೋಡಿಯಂ ಸಿಟ್ರೇಟಿನವು. ಕ್ಯಾಲ್ಸಿಯಂ ಕಲ್ಲಿನವರಿಗೆ ಆ ಸೋಡಿಯಂ ಮತ್ತೆ ಉಪ್ಪಿನ ಕೆಲಸವನ್ನೇ ಮಾಡುತ್ತದೆ.

ಪಾರ್ಸೆಲ್ ಮತ್ತು ಸಮಾರಂಭ

ಪಾರ್ಸೆಲ್ ಊಟಕ್ಕೆ ಎಲೆಯೂಟಕ್ಕಿಂತ ಅರ್ಧ ಅಂಕ ಹೆಚ್ಚು ಕೊಡಬಹುದು, ಏಕೆಂದರೆ ಉಪ್ಪು ನಿಮ್ಮ ಹಿಡಿತಕ್ಕೆ ಬರುತ್ತದೆ. ಮನೆಗೆ ತಂದ ಸಾಂಬಾರಿಗೆ ಉಪ್ಪು ಹಾಕದೆ ಬೇಯಿಸಿದ ಒಂದು ಬಟ್ಟಲು ತೊಗರಿಬೇಳೆ, ಒಂದು ಬಟ್ಟಲು ಸೋರೆಕಾಯಿ ಹೋಳು ಸೇರಿಸಿ ಒಂದು ಕುದಿ ಬರಿಸಿ. ಇಬ್ಬರ ಸಾಂಬಾರು ನಾಲ್ವರಿಗೆ ಆಗುತ್ತದೆ, ತಲೆಗೆ ಬೀಳುವ ಉಪ್ಪು ಅರ್ಧವಾಗುತ್ತದೆ. ರುಚಿ ಸಪ್ಪೆಯಾಯಿತು ಎನಿಸಿದರೆ ನಿಂಬೆ, ಕೊತ್ತಂಬರಿ, ಇಂಗಿನ ಒಗ್ಗರಣೆ. ಎರಡು ಮೂರು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಮಾಟುಂಗದ ಕನ್ನಡ ಸಂಘ ಮೈಸೂರು ಅಸೋಸಿಯೇಷನ್‌ನ ಕಾರ್ಯಕ್ರಮ ಮುಗಿಸಿ ರಾತ್ರಿ ಗುಂಪಾಗಿ ಹೋಟೆಲಿಗೆ ಹೋಗುವವರು, ಮದುವೆ ಊಟಕ್ಕೆ ಕುಳಿತವರು ಹಿರಿಯರ ಒತ್ತಾಯಕ್ಕೆ ಹಪ್ಪಳ, ಉಪ್ಪಿನಕಾಯಿ ಹಾಕಿಸಿಕೊಳ್ಳುವುದುಂಟು. ಅಂಥ ಕಡೆ ಮಜ್ಜಿಗೆಯ ಲೋಟವನ್ನೇ ಮೊದಲು ಕೈಯಲ್ಲಿ ಹಿಡಿದು "ಮಾವ, ನನಗೆ ಇದನ್ನೇ ಇನ್ನೊಂದು ಸಲ ಹಾಕಿಸಿ" ಎಂದರೆ ಬಡಿಸುವವರ ಮನಸ್ಸೂ ನೋಯುವುದಿಲ್ಲ.

ಈ ಪಥ್ಯ ಎಲ್ಲರಿಗೂ ಅಲ್ಲ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿರುವವರು (ಅಂದರೆ ಕಿಡ್ನಿಯ ಕೆಲಸ ಕುಂದಿರುವವರು), ಡಯಾಲಿಸಿಸ್‌ನಲ್ಲಿರುವವರು, ಹೃದಯದ ತೊಂದರೆಗೆ ನೀರಿನ ಮಿತಿ ಇರುವವರು ಮೂರು ಲೀಟರ್ ನೀರು, ಎಳನೀರು, ಬಾಳೆದಿಂಡಿನ ರಸ ಯಾವುದನ್ನೂ ತಮ್ಮಷ್ಟಕ್ಕೆ ಶುರು ಮಾಡಬಾರದು, ಪೊಟ್ಯಾಸಿಯಂ ಏರಿದರೆ ಪ್ರಾಣಕ್ಕೇ ಕುತ್ತು. ಹೊಟ್ಟೆ ಬೆನ್ನು ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ಪೂರ್ತಿ ನಿಂತರೆ, ವಾಂತಿಯಿಂದ ನೀರೂ ನಿಲ್ಲದಿದ್ದರೆ, ಒಂದೇ ಕಿಡ್ನಿ ಇರುವವರಿಗೆ ನೋವು ಶುರುವಾದರೆ, ಆ ಹೊತ್ತಿನಲ್ಲಿ ಯಾವ ಕಷಾಯವೂ ಬೇಡ, ರಾತ್ರಿ ಎಷ್ಟೇ ಗಂಟೆಯಾಗಿದ್ದರೂ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ.